ಕರಾವಳಿಯ ಮನೆಯಲ್ಲಿ ಹ್ಯೂಮಿಡಾರ್: ಪೆಟ್ಟಿಗೆ ಒಣಗಿದೆಯೋ, ಒದ್ದೆಯಾಗಿದೆಯೋ ಎಂದು ಪತ್ತೆ ಮಾಡುವ ಕ್ರಮ

ಸಿಗಾರ್ ಇಡುವ ಮರದ ಪೆಟ್ಟಿಗೆಯ, ಅಂದರೆ ಹ್ಯೂಮಿಡಾರ್‌ನ, ಜೊತೆಗೆ ಬರುವ ಕೈಪಿಡಿಗಳು ಸಾಮಾನ್ಯವಾಗಿ ಒಂದೇ ಊಹೆಯಿಂದ ಹೊರಡುತ್ತವೆ: ಮನೆಯ ಗಾಳಿ ಒಣಗಿದೆ, ಮರವೂ ಒಣಗಿದೆ, ಆದ್ದರಿಂದ ಮೊದಲು ಮರಕ್ಕೆ ನೀರು ಕುಡಿಸಬೇಕು. ಚಳಿಗಾಲವಿಡೀ ಮನೆಯೊಳಗೆ ಹೀಟರ್ ಉರಿಯುವ ದೇಶಗಳಿಗೆ ಈ ಸಲಹೆ ಸರಿಯಾದದ್ದೇ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುವ ಕಾರವಾರದಲ್ಲಿ ಇದೇ ಸಲಹೆಯನ್ನು ಜುಲೈನಲ್ಲಿ ಅಕ್ಷರಶಃ ಪಾಲಿಸಿದರೆ, ಹದಗೊಳ್ಳಬೇಕಾದ ಪೆಟ್ಟಿಗೆಯೊಳಗೆ ಬೂಷ್ಟು ಬೆಳೆಯುತ್ತದೆ. ಗೋವಾ ಗಡಿಯಾಚೆಯಿಂದ ಕೊಂಡು ತಂದದ್ದಿರಲಿ, ಹಡಗಿನ ಕೆಲಸದಿಂದ ರಜೆಗೆ ಬಂದವರು ಕೊಟ್ಟದ್ದಿರಲಿ, ಕರಾವಳಿಯ ಮನೆಗಳಲ್ಲಿ ಸಿಗಾರ್ ಕೆಡುವುದು ಒಣಗಿ ಅಲ್ಲ, ಹೆಚ್ಚಾಗಿ ತೇವ ಮೀರಿಯೇ. ಆದಕಾರಣ ಇಲ್ಲಿ ದೋಷ ಹುಡುಕುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಪೆಟ್ಟಿಗೆ ಹದದಿಂದ ಯಾವ ಕಡೆಗೆ ತಪ್ಪಿದೆ ಎಂಬುದು. ಅದು ತಿಳಿಯದೆ ನೀರು ಹಾಕುವುದೂ ತಪ್ಪು, ಒಣಗಿಸುವುದೂ ತಪ್ಪು.

ಹದ ಎಂದರೆ ಎಷ್ಟು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೆಟ್ಟಿಗೆಯೊಳಗಿನ ಸಾಪೇಕ್ಷ ಆರ್ದ್ರತೆ ಶೇಕಡಾ 65ರಿಂದ 72ರ ನಡುವೆ, ತಾಪಮಾನ 18ರಿಂದ 21 ಡಿಗ್ರಿ ಸೆಲ್ಸಿಯಸ್‌ನಷ್ಟು ಇರಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕ. ಎಸಿ ಇಲ್ಲದ ಕರಾವಳಿಯ ಕೋಣೆಯಲ್ಲಿ ಎರಡನೆಯದು ವರ್ಷದ ಬಹುಕಾಲ ಸಾಧ್ಯವೇ ಇಲ್ಲ. ಕೋಣೆ 27-30 ಡಿಗ್ರಿಯಲ್ಲಿ ನಿಂತಿರುತ್ತದೆ. ತಾಪಮಾನ ಕೈಯಲ್ಲಿಲ್ಲದಿರುವಾಗ ಆರ್ದ್ರತೆಯನ್ನು ಮೇಲಿನ ಗಡಿಗೆ ಒಯ್ಯದೆ 65ರ ಆಸುಪಾಸಿನಲ್ಲೇ ಇಡುವುದು ಜಾಣತನ, ಏಕೆಂದರೆ ಬಿಸಿ ಮತ್ತು ತೇವ ಎರಡೂ ಕೂಡಿದಲ್ಲಿ ಬೂಷ್ಟೂ ಹುಳುವೂ ಬೇಗ ಬರುತ್ತವೆ. ಮುಂದೆ ಹೇಳುವುದೆಲ್ಲ ಈ 65ನ್ನೇ ಗುರಿಯಾಗಿ ಇಟ್ಟುಕೊಂಡದ್ದು.

ಮೊದಲು ಮಾಪಕವನ್ನು ಸಂಶಯಿಸಿ

ಪೆಟ್ಟಿಗೆಯ ಮುಚ್ಚಳದಲ್ಲೋ ಮುಂಬದಿಯಲ್ಲೋ ಕೂರಿಸಿದ ಹಿತ್ತಾಳೆ ಅಂಚಿನ, ಮುಳ್ಳಿನ ಆರ್ದ್ರತಾಮಾಪಕ ನೋಡಲು ಚೆಂದ, ನಂಬಲು ಯೋಗ್ಯವಲ್ಲ. ಅಗ್ಗದ ಮುಳ್ಳಿನ ಮಾಪಕಗಳು ಹತ್ತು ಅಂಶದವರೆಗೂ ತಪ್ಪು ತೋರಿಸುವುದು ಸಾಮಾನ್ಯ. ಡಿಜಿಟಲ್ ಮಾಪಕಗಳು ಉತ್ತಮವಾದರೂ ಅವುಗಳಲ್ಲಿಯೂ ಎರಡರಿಂದ ಐದು ಅಂಶಗಳ ವ್ಯತ್ಯಾಸ ಇರಬಹುದು. ಪೆಟ್ಟಿಗೆಯಲ್ಲಿ ದೋಷವಿದೆ ಎಂದುಕೊಂಡು ವಾರಗಟ್ಟಲೆ ನಡೆಸುವ ಚಿಕಿತ್ಸೆಯಲ್ಲಿ ಬಹಳಷ್ಟು ಮಾಪಕದ ಸುಳ್ಳಿಗೆ ಕೊಟ್ಟ ಮದ್ದಾಗಿರುತ್ತದೆ.

ಪರೀಕ್ಷೆ ಸುಲಭ. ಬಾಟಲಿಯ ಮುಚ್ಚಳವೊಂದರಲ್ಲಿ ಉಪ್ಪು ತುಂಬಿ, ಉಪ್ಪು ಕರಗಿ ನೀರಾಗದಂತೆ, ಒದ್ದೆ ಮರಳಿನಷ್ಟು ಗಟ್ಟಿಯಾಗಿ ಉಳಿಯುವಂತೆ ಕೆಲವು ಹನಿ ನೀರು ಹಾಕಿ, ಅದನ್ನೂ ಮಾಪಕವನ್ನೂ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, ಗಾಳಿ ಸ್ವಲ್ಪ ಉಳಿಯುವಂತೆ ಮುಚ್ಚಬೇಕು. ಶುದ್ಧ ಸೋಡಿಯಂ ಕ್ಲೋರೈಡ್‌ನ ತೃಪ್ತ ದ್ರಾವಣ ತನ್ನ ಸುತ್ತಲಿನ ಮುಚ್ಚಿದ ಗಾಳಿಯನ್ನು ಶೇಕಡಾ 75ರ ಆರ್ದ್ರತೆಯಲ್ಲಿ ನಿಲ್ಲಿಸುತ್ತದೆ. ಇಪ್ಪತ್ತು ಡಿಗ್ರಿಯಿರಲಿ, ಮೂವತ್ತು ಡಿಗ್ರಿಯಿರಲಿ, ಈ ಅಂಕಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಒಂದು ಪೂರ್ಣ ದಿನ ಬಿಟ್ಟು, ಚೀಲ ತೆರೆಯದೆ ಹೊರಗಿನಿಂದಲೇ ಓದಬೇಕು. ಮಾಪಕ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತಿದೆ. 79 ತೋರಿಸಿದರೆ ನಾಲ್ಕು ಹೆಚ್ಚು. ಆ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಮಾಪಕದ ಬೆನ್ನಿಗೆ ಅಂಟಿಸಿಬಿಟ್ಟರೆ ಸಾಕು.

ಈ ಪರೀಕ್ಷೆಗೆ ನಮ್ಮ ಜಿಲ್ಲೆಯವರು ಮಾತ್ರ ಗಮನಿಸಬೇಕಾದ ಒಂದು ಎಚ್ಚರಿಕೆಯಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದ ಉಪ್ಪು ಅಡುಗೆಗೆ ಎಷ್ಟೇ ರುಚಿಯಾದರೂ ಇಲ್ಲಿ ಅದನ್ನು ಬಳಸಬಾರದು. ಬಿಸಿಲಲ್ಲಿ ಒಣಗಿಸಿದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳು ಉಳಿದಿರುತ್ತವೆ; ಮಳೆಗಾಲದಲ್ಲಿ ಹರಳುಪ್ಪಿನ ಭರಣಿಯಲ್ಲಿ ನೀರೊಡೆಯುವುದು ಅವುಗಳಿಂದಲೇ. ಮೆಗ್ನೀಸಿಯಂ ಕ್ಲೋರೈಡ್‌ನ ತೃಪ್ತ ದ್ರಾವಣ ಗಾಳಿಯನ್ನು ಶೇಕಡಾ 33ರಷ್ಟಕ್ಕೇ ಇಳಿಸಬಲ್ಲದು. ಅದರ ಬೆರಕೆ ಸ್ವಲ್ಪವಿದ್ದರೂ ಚೀಲದೊಳಗಿನ ಆರ್ದ್ರತೆ 75ಕ್ಕಿಂತ ಕೆಳಗೆ ನಿಂತು, ಸರಿಯಾದ ಮಾಪಕವನ್ನೇ ನಾವು ತಪ್ಪೆಂದು ತಿದ್ದುವಂತಾಗುತ್ತದೆ. ಪೊಟ್ಟಣದಲ್ಲಿ ಸಿಗುವ ಶುದ್ಧೀಕರಿಸಿದ ಪುಡಿ ಉಪ್ಪೇ ಈ ಕೆಲಸಕ್ಕೆ ಸರಿ.

ಕಾಲ, ಕೋಣೆ, ಗೋಡೆ

ಮಾಪಕ ಸರಿಯಿದೆ ಎಂದಾದ ಮೇಲೆ ನೋಡಬೇಕಾದದ್ದು ಪೆಟ್ಟಿಗೆಯನ್ನಲ್ಲ, ಪೆಟ್ಟಿಗೆ ಇರುವ ಕೋಣೆಯನ್ನು. ಮರ ತನ್ನ ಸುತ್ತಲಿನ ಗಾಳಿಯೊಂದಿಗೆ ಸದಾ ನೀರಿನ ಕೊಡುಕೊಳ್ಳುವಿಕೆ ನಡೆಸುತ್ತಿರುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 40 ಇದ್ದಲ್ಲಿ ಮರದ ತೂಕದ ಏಳೆಂಟು ಶೇಕಡಾ ನೀರಿರುತ್ತದೆ. 70 ಇದ್ದಲ್ಲಿ ಸುಮಾರು 13. 85 ದಾಟಿದರೆ 17-18. ಪೆಟ್ಟಿಗೆಯನ್ನು ಹದಗೊಳಿಸುವುದು ಎಂದರೆ ಅದರ ಒಳಮರದಲ್ಲಿ ಆ ನಡುವಿನ 13ರ ಆಸುಪಾಸಿನ ನೀರು ಇರುವಂತೆ ಮಾಡುವುದು, ಅಷ್ಟೇ. ಹಾಗಿರುವಾಗ ಮಳೆಗಾಲದಲ್ಲಿ ಕೋಡಿಬಾಗದಲ್ಲೋ ಬೈತಖೋಲದಲ್ಲೋ ಕೊಠಡಿಯ ಗಾಳಿ ವಾರಗಟ್ಟಲೆ 85ರಲ್ಲಿ ನಿಂತಿರುವಾಗ, ಮುಚ್ಚಳ ತೆರೆದಿಟ್ಟ ಹೊಸ ಪೆಟ್ಟಿಗೆ ತಾನಾಗಿಯೇ ಹದ ಮೀರಿ ನೀರು ಕುಡಿದಿರುತ್ತದೆ. ಅದಕ್ಕೆ ಮತ್ತೆ ಬಟ್ಟಲಿನಲ್ಲಿ ನೀರಿಟ್ಟು ಹದಗೊಳಿಸಲು ಹೊರಡುವುದು, ಊಟ ಮುಗಿಸಿದವನನ್ನು ಮತ್ತೆ ಎಲೆಗೆ ಕೂರಿಸಿದ ಹಾಗೆ.

ಶಿರಸಿಯ ಲೆಕ್ಕವೇ ಬೇರೆ. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವ ಅಲ್ಲಿ ಮಳೆಗಾಲ ಕರಾವಳಿಯಷ್ಟೇ ತೇವದ್ದಾದರೂ, ಬೇಸಿಗೆ ಕಾಲಿಡುವ ಮುನ್ನ ಬಯಲುಸೀಮೆಯ ಕಡೆಯಿಂದ ಬೀಸುವ ಒಣಗಾಳಿಯಲ್ಲಿ ಮಧ್ಯಾಹ್ನದ ಆರ್ದ್ರತೆ 50ಕ್ಕಿಂತ ಕೆಳಗಿಳಿಯುವುದುಂಟು. ಜನವರಿಯಿಂದ ಮಾರ್ಚ್‌ವರೆಗೆ ಶಿರಸಿಯಲ್ಲಿ ಕೊಂಡ ಪೆಟ್ಟಿಗೆಗೆ ಕೈಪಿಡಿ ಹೇಳಿದಂತೆಯೇ ನೀರು ಕುಡಿಸುವುದು ಸರಿ. ಒಂದೇ ಪೆಟ್ಟಿಗೆಯನ್ನು ಶಿರಸಿಯಿಂದ ದೇವಿಮನೆ ಘಟ್ಟ ಇಳಿಸಿ ಕುಮಟಾಕ್ಕೆ ತಂದರೆ, ಹಿಂದಿನ ಹದ ಹೊಸ ಊರಿಗೆ ಹೊಂದುವುದಿಲ್ಲ. ಎರಡು ವಾರ ಮಾಪಕವನ್ನು ಮತ್ತೆ ಗಮನಿಸಬೇಕಾಗುತ್ತದೆ.

ಇನ್ನು ಗೋಡೆ. ಚಿರೇಕಲ್ಲಿನ ಗೋಡೆ ಸರಂಧ್ರವಾದದ್ದು; ಗಿಲಾವು ಬಿರುಕುಬಿಟ್ಟ ಪಶ್ಚಿಮದ ಗೋಡೆ ಜೂನ್‌ನಲ್ಲಿ ಕುಡಿದ ನೀರನ್ನು ನವರಾತ್ರಿಯವರೆಗೂ ಉಸಿರಾಡುತ್ತಲೇ ಇರುತ್ತದೆ. ಆ ಗೋಡೆಗೆ ಒರಗಿಸಿದ ಕಪಾಟಿನಲ್ಲಿ ಇಟ್ಟ ಪೆಟ್ಟಿಗೆಯ ಹಿಂಬದಿ ಸದಾ ತಂಪಾಗಿ, ಸದಾ ತೇವವಾಗಿರುತ್ತದೆ. ಬೂಷ್ಟು ಮೊದಲು ಬರುವುದೂ ಅದೇ ಮೂಲೆಯಲ್ಲಿ. ಪೆಟ್ಟಿಗೆಯನ್ನು ಒಳಗೋಡೆಯ ಕಡೆಗೆ, ನೆಲದಿಂದ ಮೇಲಕ್ಕೆ, ಸುತ್ತ ಒಂದಿಷ್ಟು ಗಾಳಿಯಾಡುವಂತೆ ಇಟ್ಟು ನೋಡಿದರೆ ಕೆಲವೊಮ್ಮೆ ಬೇರೆ ಯಾವ ಚಿಕಿತ್ಸೆಯೂ ಬೇಡವಾಗುತ್ತದೆ. ಹೆಂಚಿನ ಕೆಳಗಿನ ಅಟ್ಟ ಮಾತ್ರ ಯಾವ ಕಾಲದಲ್ಲೂ ಬೇಡ. ಏಪ್ರಿಲ್‌ನ ಹಗಲಿನಲ್ಲಿ ಅಲ್ಲಿನ ಬಿಸಿ ಪೆಟ್ಟಿಗೆಯ ಅಂಟನ್ನೇ ಸಡಿಲಿಸೀತು.

ಎಸಿ ಇರುವ ಕೋಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಾತ್ರಿಯಿಡೀ 24 ಡಿಗ್ರಿಯಲ್ಲಿ ತಣ್ಣಗಾದ ಕೋಣೆಯಲ್ಲಿ ಬೆಳಿಗ್ಗೆ ಎಸಿ ನಿಲ್ಲಿಸಿ ಕಿಟಕಿ ತೆರೆದಾಗ, 28 ಡಿಗ್ರಿಯ, ಶೇಕಡಾ 85 ಆರ್ದ್ರತೆಯ ಹೊರಗಾಳಿ ಒಳನುಗ್ಗುತ್ತದೆ. ಅಂಥ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. 24 ಡಿಗ್ರಿಯ ಗಾಳಿ ಹಿಡಿದಿಡಬಲ್ಲದ್ದು ಹೆಚ್ಚೆಂದರೆ 22 ಗ್ರಾಂ. ಉಳಿದದ್ದು ತಣ್ಣಗಿನ ಮೇಲ್ಮೈಗಳ ಮೇಲೆ ಪಸೆಯಾಗಿ ಕೂರುತ್ತದೆ. ಆ ಹೊತ್ತಿನಲ್ಲಿ ಪೆಟ್ಟಿಗೆ ತೆರೆದರೆ ತಣ್ಣಗಿನ ಸಿಗಾರ್‌ಗಳ ಹೊರಎಲೆಯೇ ಆ ಪಸೆಯನ್ನು ಹೀರುತ್ತದೆ. ಮಾಪಕದ ಅಂಕಿ ದಿನವೂ ಬೆಳಿಗ್ಗೆ ಏರಿ ಸಂಜೆ ಇಳಿಯುತ್ತಿದ್ದರೆ, ದೋಷ ಪೆಟ್ಟಿಗೆಯದ್ದಲ್ಲ, ತೆರೆಯುವ ಹೊತ್ತಿನದ್ದು.

ಅಂಕಿ 60ಕ್ಕಿಂತ ಕೆಳಗೇ ನಿಂತರೆ

ಎರಡೇ ಕಾರಣಗಳನ್ನು ನೋಡಿದರೆ ಸಾಕು: ಮರ ಇನ್ನೂ ಒಣಗಿದೆ, ಇಲ್ಲವೇ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಒಣಮರದ ಲಕ್ಷಣವೆಂದರೆ ತೇವದ ಪೊಟ್ಟಣ (ಗಾಳಿಯನ್ನು ಅದರ ಮೇಲೆ ಬರೆದ ಆರ್ದ್ರತೆಯ ಅಂಕಿಯಲ್ಲಿ ನಿಲ್ಲಿಸುವ ಲವಣ ದ್ರಾವಣದ ಪೊಟ್ಟಣ) ಹೊಸದಾಗಿ ಇಟ್ಟೊಡನೆ ಅಂಕಿ ಏರಿ, ಒಂದೆರಡು ದಿನಗಳಲ್ಲಿ ಮತ್ತೆ ಬೀಳುವುದು, ಮತ್ತು ಪ್ರತಿ ಸಲ ಸ್ವಲ್ಪ ನಿಧಾನವಾಗಿ ಬೀಳುವುದು. ಮುಚ್ಚಳದ ಸೋರಿಕೆಯಾದರೆ ಬೀಳುವ ವೇಗ ವಾರಗಳು ಕಳೆದರೂ ಬದಲಾಗುವುದಿಲ್ಲ.

ಮರಕ್ಕೆ ನೀರು ಕುಡಿಸುವ ಹಳೆಯ ಪದ್ಧತಿ, ಒದ್ದೆ ಬಟ್ಟೆಯಿಂದ ಒಳಗೋಡೆಗಳನ್ನು ಒರೆಸುವುದು. ಅದನ್ನು ಬಿಡುವುದೇ ಒಳ್ಳೆಯದು. ತೆಳುವಾದ ಹಲಗೆಯ ಒಂದೇ ಮುಖ ಒಮ್ಮೆಲೇ ನೀರು ಕುಡಿದರೆ ಹಲಗೆ ಬಾಗುತ್ತದೆ, ನಾರು ಏಳುತ್ತದೆ. ಬಾಗಿದ ಮುಚ್ಚಳ ಮತ್ತೆಂದೂ ಸರಿಯಾಗಿ ಕೂರದು. ಖಾಲಿ ಪೆಟ್ಟಿಗೆಯೊಳಗೆ ಗಾಜಿನ ಚಿಕ್ಕ ಬಟ್ಟಲಿನಲ್ಲಿ ಭಟ್ಟಿ ಇಳಿಸಿದ ನೀರನ್ನೋ, ಹದಗೊಳಿಸುವುದಕ್ಕೆಂದೇ ಬರುವ ಶೇಕಡಾ 84ರ ತೇವ ನಿಯಂತ್ರಕ ಪೊಟ್ಟಣಗಳನ್ನೋ ಇಟ್ಟು, ಮುಚ್ಚಿ, ಎರಡು ವಾರ ಕಾಯಬೇಕು. ಆಮೇಲೆ ಅದನ್ನು ತೆಗೆದು, 65ರದ್ದೋ 69ರದ್ದೋ ಪೊಟ್ಟಣ ಇಟ್ಟು, ಅಂಕಿ ಮೂರು ದಿನ ಅಲುಗದೆ ನಿಂತ ಮೇಲಷ್ಟೇ ಸಿಗಾರ್ ಇಡಬೇಕು. ಅವಸರ ಮಾಡಿದರೆ ಒಣಮರ ತನಗೆ ಬೇಕಾದ ನೀರನ್ನು ಸಿಗಾರ್‌ನಿಂದಲೇ ಎಳೆದುಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಚೌಕಾಸಿ ಬೇಡ. ಕರಾವಳಿಯ ಬಾವಿಗಳಲ್ಲಿ ಉಪ್ಪಿನಂಶವಿರಬಹುದು, ಚಿರೇಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣವಿರಬಹುದು, ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಲವಣಗಳು ತೇವಕಾರಕದ, ಅಂದರೆ ಪೆಟ್ಟಿಗೆಯೊಳಗೆ ತೇವ ಕೊಡುವ ಡಬ್ಬಿಯ, ರಂಧ್ರಗಳನ್ನು ಕಟ್ಟುತ್ತವೆ. ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರು ಲವಣ ತೆಗೆದ ನೀರೇ ಆದ್ದರಿಂದ ನಡೆಯುತ್ತದೆ. ಆದರೆ ಪಕ್ಕದಲ್ಲೇ ಅದೇ ಬಗೆಯ ಡಬ್ಬಿಯಲ್ಲಿ ಬ್ಯಾಟರಿ ಆಮ್ಲವೂ ಇರುತ್ತದೆ ಎಂಬುದನ್ನು ಮರೆಯದೆ, ಲೇಬಲ್ ಓದಿ, ಸೀಲು ಒಡೆಯದ ಡಬ್ಬಿಯನ್ನೇ ಕೊಳ್ಳಬೇಕು.

ಮುಚ್ಚಳದ ಪರೀಕ್ಷೆಗೆ ರಾತ್ರಿ ದೀಪವಾರಿಸಿ, ಪೆಟ್ಟಿಗೆಯೊಳಗೆ ಬೆಳಗುವ ಟಾರ್ಚ್ ಇಟ್ಟು ಮುಚ್ಚಿ ಸುತ್ತಲೂ ನೋಡಬೇಕು. ಬೆಳಕಿನ ಗೆರೆ ಎಲ್ಲಿ ಕಂಡಿತೋ ಅಲ್ಲೇ ಸೋರಿಕೆ. ಅಂಚಿನ ಗುಂಟ ನಾಲ್ಕೂ ಕಡೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡುವುದೂ ಒಂದು ಉಪಾಯ. ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಜಾರಿ ಬಂದರೆ ತಿರುಗಣಿಯ ತಿರುಪು ಸರಿಪಡಿಸಬೇಕು. ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಗಾಜು ಮತ್ತು ಮರದ ಸಂದಿಯೇ ಮೊದಲ ಶತ್ರು. ಅದನ್ನು ಸಿಲಿಕೋನ್‌ನಿಂದ ಮುಚ್ಚಬಹುದು, ಆದರೆ ವಿನೆಗರ್ ವಾಸನೆಯ ಬಗೆಯದ್ದು ಬೇಡ, ಮತ್ತು ವಾಸನೆ ಪೂರ್ತಿ ಹೋಗುವವರೆಗೆ ಸಿಗಾರ್ ಹತ್ತಿರ ತರುವುದು ಬೇಡ.

ಅಂಕಿ 72 ದಾಟಿ ಇಳಿಯದಿದ್ದರೆ

ಇದೇ ಇಲ್ಲಿನ ನಿಜವಾದ ಕಾಯಿಲೆ. ಮೊದಲು ಪೆಟ್ಟಿಗೆಯೊಳಗೆ ತೇವ ಕೊಡುವ ವಸ್ತು ಯಾವುದೆಂದು ನೋಡಬೇಕು. ಹೂಕಟ್ಟುವವರು ಬಳಸುವ ಬಗೆಯ ಹಸಿರು ಫೋಮ್ ತುಂಬಿದ ಕಪ್ಪು ಡಬ್ಬಿಯಾದರೆ, ಅದು ನೀರು ಕೊಡಬಲ್ಲದೇ ಹೊರತು ಎಷ್ಟು ಕೊಟ್ಟರೆ ಸಾಕೆಂದು ತಿಳಿಯದು. ನೀರನ್ನೂ ಪ್ರೊಪಿಲೀನ್ ಗ್ಲೈಕಾಲನ್ನೂ ಸಮಪಾಲಾಗಿ ಬೆರೆಸಿದ ದ್ರಾವಣ ಹಾಕಿದರೆ ಸುಮಾರು 70ರಲ್ಲಿ ನಿಲ್ಲುವಂತೆ ಅದು ಸ್ವಲ್ಪ ಹದ್ದುಬಸ್ತಿಗೆ ಬರುತ್ತದೆ, ಬೂಷ್ಟೂ ಕಡಿಮೆಯಾಗುತ್ತದೆ. ಆದರೂ ಮಳೆಗಾಲದಲ್ಲಿ ಫೋಮಿನ ಡಬ್ಬಿಯನ್ನು ಹೊರಗೆ ತೆಗೆದಿಡುವುದೇ ಸರಿ. ಅದನ್ನು ತೆಗೆದ ಮೇಲೂ ನಾಲ್ಕೈದು ದಿನಗಳಲ್ಲಿ ಅಂಕಿ ಇಳಿಯದಿದ್ದರೆ, ತೇವ ಬರುತ್ತಿರುವುದು ಮರದಿಂದ ಅಥವಾ ಮುಚ್ಚಳದ ಸಂದಿಯಿಂದ ಎಂದಾಯಿತು.

ಈ ಎರಡನ್ನು ಬಿಡಿಸಿ ನೋಡುವುದಕ್ಕೆ ನನಗೆ ತಿಳಿದಿರುವ ಅತ್ಯಂತ ನಂಬಿಕಸ್ಥ ಉಪಕರಣ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಬೊವೆಡಾ ಎಂಬ ಹೆಸರಿನಲ್ಲಿ ಬರುವಂಥ, ಎರಡೂ ಕಡೆಯ ತೇವ ನಿಯಂತ್ರಕ ಪೊಟ್ಟಣದೊಳಗೆ ಲವಣದ ದ್ರಾವಣವಿರುತ್ತದೆ. ಗಾಳಿ ಒಣಗಿದ್ದರೆ ಅದು ನೀರು ಬಿಡುತ್ತದೆ, ತೇವ ಹೆಚ್ಚಿದ್ದರೆ ಹೀರುತ್ತದೆ. ಹೊಸದಾಗಿ 60 ಗ್ರಾಂ ಎಂದು ಬರುವ ಪೊಟ್ಟಣವನ್ನು ಕವರು ಬಿಚ್ಚಿದೊಡನೆ ತೂಗಿ, ತೂಕವನ್ನೂ ತಾರೀಖನ್ನೂ ಅದರ ಮೇಲೇ ಬರೆದು, ವಾರಕ್ಕೊಮ್ಮೆ ತೂಗುತ್ತ ಹೋಗಬೇಕು. ತೂಕ ಇಳಿಯುತ್ತಿದ್ದರೆ ಪೆಟ್ಟಿಗೆ ನೀರು ಕಳೆದುಕೊಳ್ಳುತ್ತಿದೆ. ಮೊದಲ ಕೆಲವು ವಾರ ತೂಕ ಏರಿ ಆಮೇಲೆ ನಿಂತರೆ, ಹೆಚ್ಚು ಕುಡಿದಿದ್ದ ಮರ ತನ್ನ ಹೊರೆ ಇಳಿಸಿಕೊಂಡಿತು ಎಂದರ್ಥ; ಅದು ಒಳ್ಳೆಯ ಲಕ್ಷಣ. ವಾರದಿಂದ ವಾರಕ್ಕೆ ಒಂದೇ ಪ್ರಮಾಣದಲ್ಲಿ ಏರುತ್ತಲೇ ಇದ್ದರೆ ಹೊರಗಿನ ಗಾಳಿ ನುಗ್ಗುತ್ತಿದೆ, ಟಾರ್ಚ್ ಪರೀಕ್ಷೆಗೆ ಹಿಂತಿರುಗಬೇಕು. ಮಾಪಕದ ಅಂಕಿ ಇನ್ನೂ 66 ತೋರಿಸುತ್ತಿರುವಾಗಲೇ ತಕ್ಕಡಿ ಈ ಸುದ್ದಿಯನ್ನು ಮುಂಚಿತವಾಗಿ ಹೇಳಿಬಿಡುತ್ತದೆ, ಏಕೆಂದರೆ ಪೊಟ್ಟಣ ಸೋಲುವವರೆಗೆ ಅಂಕಿ ಅಲುಗುವುದಿಲ್ಲ. ಉಬ್ಬಿ, ಒಳಗೆಲ್ಲ ನೀರು ನೀರಾಗಿ ಆಡುವ ಪೊಟ್ಟಣ ಇನ್ನು ಹೀರಲಾರದು, ಅದನ್ನು ಬದಲಿಸಬೇಕು. ಇಪ್ಪತ್ತೈದು ಸಿಗಾರ್ ಹಿಡಿಯುವಷ್ಟು ಜಾಗಕ್ಕೆ ಒಂದು ದೊಡ್ಡ ಪೊಟ್ಟಣ ಎಂಬುದು ಲೆಕ್ಕ, ಮತ್ತು ಲೆಕ್ಕ ಪೆಟ್ಟಿಗೆಯ ಅಳತೆಯದ್ದೇ ಹೊರತು ಒಳಗಿರುವ ಸಿಗಾರ್‌ಗಳ ಸಂಖ್ಯೆಯದ್ದಲ್ಲ.

ಬೇಗ ಒಣಗಿಸುವ ಆಸೆಯಿಂದ ಕ್ಯಾಮೆರಾ ಪೆಟ್ಟಿಗೆಯ ಸಿಲಿಕಾ ಜೆಲ್ ಪುಡಿಕೆಗಳನ್ನು ತಂದು ಸಿಗಾರ್ ಪಕ್ಕದಲ್ಲಿಡುವವರಿದ್ದಾರೆ. ಸಾಮಾನ್ಯ ಸಿಲಿಕಾ ಜೆಲ್‌ಗೆ 65ರಲ್ಲಿ ನಿಲ್ಲಬೇಕೆಂಬ ಅರಿವಿಲ್ಲ. ಅದು ಸಿಕ್ಕಷ್ಟನ್ನು ಎಳೆಯುತ್ತದೆ, ಹೊರಎಲೆ ಬಿರಿಯುತ್ತದೆ. ಅದನ್ನು ಬಳಸಲೇಬೇಕೆಂದರೆ ಸಿಗಾರ್‌ಗಳನ್ನು ಬೇರೆ ಡಬ್ಬಿಗೆ ಸಾಗಿಸಿ, ಖಾಲಿ ಪೆಟ್ಟಿಗೆಯ ಮರವನ್ನಷ್ಟೇ ಅದರಿಂದ ಒಣಗಿಸಬೇಕು, ದಿನವೂ ಮಾಪಕ ನೋಡುತ್ತಿರಬೇಕು. ಬಿಸಿಲಿಗೆ ಇಡುವುದಂತೂ ಬೇಡ, ಮುಚ್ಚಳ ಸೊಟ್ಟಗಾದೀತು.

ಮಳೆಗಾಲಕ್ಕೆ ನನ್ನ ಸ್ಪಷ್ಟ ಅಭಿಪ್ರಾಯವೆಂದರೆ ಮರದ ಪೆಟ್ಟಿಗೆಯನ್ನು ಹಟ ಹಿಡಿದು ನಡೆಸಬೇಕಾಗಿಲ್ಲ. ಮೃಗಶಿರ ಮಳೆ ಹಿಡಿಯುವ ಮುನ್ನ ಸಿಗಾರ್‌ಗಳನ್ನು ರಬ್ಬರ್ ಅಂಚಿನ, ನಾಲ್ಕು ಕಡೆ ಚಿಲಕ ಹಾಕುವ, ವಾಸನೆಯಿಲ್ಲದ, ಆಹಾರ ಇಡಲು ಯೋಗ್ಯವಾದ ದರ್ಜೆಯ ಡಬ್ಬಿಗೆ ವರ್ಗಾಯಿಸಿ, 65ರ ಪೊಟ್ಟಣ ಹಾಕಿ, ಪೆಟ್ಟಿಗೆಯ ಒಳಗಿನ ಮರದ ತಟ್ಟೆಯ ತುಂಡೊಂದನ್ನು ಪರಿಮಳಕ್ಕೆಂದು ಜೊತೆಗಿಟ್ಟರೆ, ದೀಪಾವಳಿಯವರೆಗೆ ನಿಶ್ಚಿಂತೆ. ಮರದ ಪೆಟ್ಟಿಗೆಯ ಅಂದ ಅದರಲ್ಲಿಲ್ಲ ಎಂಬುದು ನಿಜ. ಫ್ರಿಜ್ ಇದಕ್ಕೆ ಬದಲಿಯಲ್ಲ. ಮಂಜು ಕಟ್ಟದ ಬಗೆಯ ಫ್ರಿಜ್ ತನ್ನೊಳಗಿನ ಗಾಳಿಯನ್ನು ಒಣಗಿಸುತ್ತದೆ, ಮೀನಿನ ವಾಸನೆಯನ್ನೂ ತಂಬಾಕಿಗೆ ಹತ್ತಿಸುತ್ತದೆ.

ಅಂಕಿ ಸರಿಯಿದ್ದೂ ಸಿಗಾರ್ ಸರಿಯಿಲ್ಲದಿದ್ದರೆ

ಮಾಪಕವನ್ನು ತೇವದ ಪೊಟ್ಟಣದ ಪಕ್ಕದಲ್ಲೇ ಇಟ್ಟಿದ್ದರೆ ಅದು ಆ ಮೂಲೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಅದನ್ನು ಎದುರು ಮೂಲೆಗೆ, ಸಿಗಾರ್‌ಗಳ ಮಟ್ಟಕ್ಕೆ ಸರಿಸಿ ಒಂದು ದಿನ ಬಿಟ್ಟು ನೋಡಬೇಕು. ಕಿಕ್ಕಿರಿದು ತುಂಬಿದ ಪೆಟ್ಟಿಗೆಯಲ್ಲಿ ಗಾಳಿ ಆಡುವುದಿಲ್ಲ, ಕೆಳಗಿನ ಸಾಲು ಒಂದು ಹದ, ಮೇಲಿನ ಸಾಲು ಇನ್ನೊಂದು ಹದ.

ಬೆರಳಿನಿಂದ ಮೆಲ್ಲನೆ ಒತ್ತಿದಾಗ ಸ್ಪಂಜಿನಂತೆ ಒಳಹೋಗುವ, ಹೊರಎಲೆ ಉಬ್ಬಿ ಸೀಳಿದ, ಹೊಗೆ ಎಳೆಯಲು ಬಿಗಿಯಾದ, ಮತ್ತೆ ಮತ್ತೆ ಆರುವ ಸಿಗಾರ್ ಹೆಚ್ಚು ತೇವದ್ದು. ಒತ್ತಿದಾಗ ಚರಚರ ಎನ್ನುವ, ಬೇಗ ಬಿಸಿಯಾಗಿ ಕಹಿಯಾಗಿ ಉರಿಯುವ ಸಿಗಾರ್ ಒಣಗಿದ್ದು. ಎರಡಕ್ಕೂ ಮದ್ದು ನಿಧಾನವೇ. ಒಣಗಿದ್ದನ್ನು ಒಮ್ಮೆಲೇ 70ಕ್ಕೆ ಇಟ್ಟರೆ ಹೊರಎಲೆ ಮೊದಲು ಹಿಗ್ಗಿ ಸೀಳುತ್ತದೆ. ಮೊದಲು 60-62, ಕೆಲವು ವಾರಗಳ ನಂತರ 65, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಹಾರಿಹೋದ ಎಣ್ಣೆಯಂಶ ಮಾತ್ರ ಮರಳಿ ಬಾರದು. ಅತಿ ತೇವದ್ದನ್ನು ಒಳಗೆ ಮರವಿರುವ ಖಾಲಿ ಡಬ್ಬಿಯಲ್ಲಿ ಕೆಲವು ದಿನ ವಿಶ್ರಮಿಸಲು ಬಿಟ್ಟರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಡಚ್ ಶೈಲಿಯ ಒಣ ಹದದ ಸಣ್ಣ ಸಿಗಾರ್‌ಗಳಿಗೆ ಈ ಉಪಚಾರ ಯಾವುದೂ ಬೇಡ, ಅವುಗಳನ್ನು ತಯಾರಿಸುವುದೇ ಒಣಗಿದಂತೆ. ಸಿಗಾರ್ ಮೇಲಿನ ಸೆಲ್ಲೋಫೇನ್ ಹೊದಿಕೆ ನೀರಾವಿಯನ್ನು ನಿಧಾನವಾಗಿ ಹಾಯಗೊಡುತ್ತದೆ. ಬಿಚ್ಚದಿದ್ದರೆ ನಷ್ಟವಿಲ್ಲ, ಹುಳುವಿನ ಭಯವಿದ್ದಲ್ಲಿ ಲಾಭವೇ ಉಂಟು.

ಬಿಳಿ ಪುಡಿ

ಹಳೆಯ ಸಿಗಾರ್‌ಗಳ ಮೇಲೆ ಎಣ್ಣೆಯಂಶ ಹರಳುಗಟ್ಟಿ ಬರುವ ಬಿಳಿ ಧೂಳು ಒಳ್ಳೆಯ ಮಾಗುವಿಕೆಯ ಗುರುತು ಎಂಬ ನಂಬಿಕೆಯಿದೆ. ಬಿಸಿ ಮತ್ತು ತೇವ ಕೂಡಿದ ಈ ನೆಲದಲ್ಲಿ ಆ ನಂಬಿಕೆಗೆ ಜಾಗ ಕೊಡಬಾರದು. ಬಿಳಿ ಕಂಡರೆ ಬೂಷ್ಟೆಂದೇ ತಿಳಿದು ನಡೆಯಬೇಕು. ಚುಕ್ಕೆ ಚುಕ್ಕೆಯಾಗಿ, ಭೂತಗನ್ನಡಿಯಲ್ಲಿ ಎಳೆ ಎಳೆಯಾಗಿ, ಹಸಿರು ಅಥವಾ ನೀಲಿ ಛಾಯೆಯಲ್ಲಿ ಕಂಡರೆ ಅನುಮಾನವೇ ಉಳಿಯುವುದಿಲ್ಲ. ಉರಿಸುವ ತುದಿಯ ತೆರೆದ ಎಲೆಗಳ ನಡುವೆ ಬೂಷ್ಟಿದ್ದರೆ ಅದು ಒಳಗೂ ಹೋಗಿದೆ, ಬೆಲೆ ಎಷ್ಟೇ ಇರಲಿ ಎಸೆಯಬೇಕು. ಸಿಗಾರ್ ಹೇಗೂ ದೇಹಕ್ಕೆ ಹಾನಿಯದ್ದೇ; ಅದರ ಮೇಲೆ ಬೂಷ್ಟಿನ ಹೊಗೆಯನ್ನೂ ಸೇರಿಸಿಕೊಳ್ಳುವುದಕ್ಕೆ ಕಾರಣವಿಲ್ಲ. ಪೆಟ್ಟಿಗೆಯ ಒಳಮೈಯನ್ನು ಸುವಾಸನೆ ಬೆರೆಸದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಮುಚ್ಚಳ ತೆರೆದು ನೆರಳಲ್ಲಿ ವಾಸನೆ ಹೋಗುವವರೆಗೆ ಬಿಟ್ಟು, ಫೋಮನ್ನು ಎಸೆದು, ಹದವನ್ನು ಮೊದಲಿನಿಂದ ನೋಡಬೇಕು.

ಸಣ್ಣ ತೂತು

ಸೂಜಿಯಿಂದ ಚುಚ್ಚಿದಷ್ಟು ದುಂಡಗಿನ ತೂತು, ಕೆಳಗೆ ಕಂದು ಪುಡಿ: ಇದು ತಂಬಾಕಿನ ಜೀರುಂಡೆಯ ಕೆಲಸ. ಶಾಸ್ತ್ರೀಯ ಹೆಸರು ಲಾಸಿಯೋಡರ್ಮಾ ಸೆರಿಕಾರ್ನೆ. ಎರಡು ಮೂರು ಮಿಲಿಮೀಟರ್ ಉದ್ದದ, ಕೆಂಗಂದು ಬಣ್ಣದ, ತಲೆ ಕೆಳಗೆ ಬಾಗಿಸಿ ಗೂನು ಬೆನ್ನಿನಂತೆ ಕಾಣುವ ಕೀಟ. ಎಲೆ ತಿನ್ನುವುದು ಅದರ ಮರಿಹುಳು. ತೂತು ಕಾಣುವ ಹೊತ್ತಿಗೆ ದೊಡ್ಡದಾದ ಕೀಟ ಹೊರಬಂದು ಇನ್ನೊಂದು ಸಿಗಾರ್ ಹುಡುಕುತ್ತಿರುತ್ತದೆ. ಮೊಟ್ಟೆ ತೋಟದಿಂದಲೋ ಗೋದಾಮಿನಿಂದಲೋ ಎಲೆಯ ಜೊತೆಗೇ ಬಂದಿರಬಹುದು. ಸುಮಾರು 18 ಡಿಗ್ರಿಗಿಂತ ಕೆಳಗೆ ಅದರ ಬೆಳವಣಿಗೆ ಬಹುತೇಕ ನಿಲ್ಲುತ್ತದೆ, 30ರ ಹತ್ತಿರ ಅತ್ಯಂತ ವೇಗವಾಗಿರುತ್ತದೆ. ತಣ್ಣನೆಯ ದೇಶಗಳ ಸಲಹೆಗಳಲ್ಲಿ ಬೇಸಿಗೆಯ ಅಪರೂಪದ ಅಪಾಯವೆಂದು ಬರೆದಿರುವುದು ಅಂಕೋಲಾದಲ್ಲಿ ಹನ್ನೆರಡು ತಿಂಗಳ ಅಪಾಯ.

ಇದೇ ಕೀಟ ದಾಸ್ತಾನಿನ ಅರಿಶಿನ, ಒಣಶುಂಠಿ, ಮೆಣಸಿನಕಾಯಿ, ಕೊತ್ತಂಬರಿಗಳನ್ನೂ ಕೊರೆಯುತ್ತದೆ. ಆದ್ದರಿಂದ ಹುಳು ಎಲ್ಲಿಂದ ಬಂತೆಂದು ಹುಡುಕುವಾಗ ಅಂಗಡಿಯವನನ್ನು ದೂರುವ ಮುನ್ನ ಮಸಾಲೆ ಡಬ್ಬಿಗಳನ್ನೂ ಉಗ್ರಾಣವನ್ನೂ ನೋಡುವುದು ನ್ಯಾಯ. ಮಸಾಲೆ ಕಪಾಟಿನ ಪಕ್ಕ, ಶಿರಸಿಯ ಕಡೆಯಾದರೆ ಅಡಿಕೆ ಚೀಲಗಳ ಕೋಣೆಯಲ್ಲಿ, ಸಿಗಾರ್ ಪೆಟ್ಟಿಗೆ ಇಡಬಾರದು.

ಒಂದು ತೂತು ಕಂಡರೂ ಇಡೀ ಪೆಟ್ಟಿಗೆ ಸೋಂಕಿತವೆಂದೇ ಭಾವಿಸಬೇಕು. ತೂತಿರುವ ಸಿಗಾರ್‌ಗಳನ್ನು ಹೊರಗೆ ನಾಶ ಮಾಡಿ, ಉಳಿದವನ್ನು ಎರಡು ಪದರ ಜಿಪ್ ಚೀಲಗಳಲ್ಲಿ ಗಾಳಿ ಹಿಂಡಿ ಮುಚ್ಚಿ, ಒಂದು ದಿನ ಫ್ರಿಜ್‌ನ ಕೆಳಗಿನ ಭಾಗದಲ್ಲಿ, ನಂತರ ಐದಾರು ದಿನ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಟ್ಟು, ಕೋಣೆಯ ತಾಪಮಾನಕ್ಕೆ ಪೂರ್ತಿ ಬಂದ ಮೇಲಷ್ಟೇ ಚೀಲ ಬಿಚ್ಚಬೇಕು. ತಣ್ಣಗಿರುವಾಗಲೇ ಬಿಚ್ಚಿದರೆ ನಮ್ಮ ಗಾಳಿಯ ನೀರೆಲ್ಲ ಎಲೆಯ ಮೇಲೆ ಇಳಿಯುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಫ್ರೀಜರ್ ಬೆಚ್ಚಗಾದ ದಿನವನ್ನು ಲೆಕ್ಕಕ್ಕೆ ಹಿಡಿಯದೆ, ಅಷ್ಟು ದಿನ ಹೆಚ್ಚು ಇಡಬೇಕು. ಖಾಲಿ ಪೆಟ್ಟಿಗೆಯ ಮೂಲೆ, ಸಂದಿ, ತಟ್ಟೆಗಳ ಅಡಿಯನ್ನು ಬ್ರಷ್‌ನಿಂದ ಗುಡಿಸಿ ಪುಡಿಯನ್ನು ಮನೆಯಾಚೆ ಸುಡಬೇಕು. ಒಳಗೆ ಕೀಟನಾಶಕ ಸಿಂಪಡಿಸುವುದು, ನುಸಿಗುಳಿಗೆ ಇಡುವುದು ಸಲ್ಲದು.

ವಾಸನೆ ಮತ್ತು ಅಂಟು

ಹ್ಯೂಮಿಡಾರ್‌ನ ಒಳಮರವಾಗಿ ಬಳಸುವ ಸ್ಪ್ಯಾನಿಷ್ ಸೀಡರ್ ನಿಜವಾದ ದೇವದಾರುವಲ್ಲ. ಮಹಾಗನಿಯ ಕುಟುಂಬಕ್ಕೆ ಸೇರಿದ ಮರ, ನಮ್ಮ ಘಟ್ಟದ ಕಾಡಿನ ತೂನ್ ಅದರ ಹತ್ತಿರದ ಸಂಬಂಧಿ. ಊರಿನ ಆಚಾರಿಯಿಂದ ಪೆಟ್ಟಿಗೆ ಮಾಡಿಸುವವರು ಹೊರಮೈಗೆ ದಾಂಡೇಲಿಯ ಸಾಗವಾನಿ ಬಳಸಿದರೆ ಅಡ್ಡಿಯಿಲ್ಲ, ಆದರೆ ಒಳಮೈಗೆ ವಾರ್ನಿಷ್ ಬಳಿಸಬಾರದು. ಬಳಿದರೆ ಮರ ತೇವವನ್ನು ಕೊಟ್ಟು ತೆಗೆದುಕೊಳ್ಳುವ ಕೆಲಸವೇ ನಿಂತುಹೋಗಿ, ಅಂಕಿ ಪ್ರತಿ ಸಲ ಮುಚ್ಚಳ ತೆರೆದಾಗಲೂ ಜಿಗಿಯುತ್ತದೆ. ಗುಡಿಗಾರರ ಕೆತ್ತನೆಯ ಗಂಧದ ಪೆಟ್ಟಿಗೆ ಎಷ್ಟೇ ಸುಂದರವಿದ್ದರೂ ಅದರ ಪರಿಮಳ ವಾರದೊಳಗೆ ತಂಬಾಕಿನ ಪರಿಮಳವನ್ನು ನುಂಗುತ್ತದೆ, ಅದನ್ನು ಆಭರಣಕ್ಕೆ ಇಟ್ಟುಕೊಳ್ಳುವುದು ಲೇಸು.

ಒಳಗೋಡೆಯ ಮೇಲೆ ಜೇನಿನ ಬಣ್ಣದ ಅಂಟು ಹನಿಗಳು ಕಂಡರೆ, ಅದು ಸರಿಯಾಗಿ ಒಣಗಿಸದ ಸೀಡರ್‌ನ ರಾಳ, ಬಿಸಿಗೆ ಮೇಲೇಳುತ್ತದೆ. ಸಿಗಾರ್‌ಗೆ ಹತ್ತಿದರೆ ಹೊರಎಲೆ ಕಿತ್ತುಬರುತ್ತದೆ. ಸಿಗಾರ್‌ಗಳನ್ನು ಹೊರತೆಗೆದು, ಹತ್ತಿಯಲ್ಲಿ ಅಸಿಟೋನ್ ಅದ್ದಿ ಹನಿಗಳನ್ನಷ್ಟೇ ಒರೆಸಿ, ವಾಸನೆ ಪೂರ್ತಿ ಆರಲು ಬಿಡಬೇಕು. ಮತ್ತೆ ಬಂದರೆ ಮತ್ತೆ ಒರೆಸಬೇಕು. ಒಂದೆರಡು ಬೇಸಿಗೆ ಕಳೆದ ಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಆವರೆಗೆ ಸಿಗಾರ್‌ಗಳು ಗೋಡೆಗೆ ತಾಗದಂತೆ ತಟ್ಟೆಯ ನಡುವಿನಲ್ಲಿ ಇಟ್ಟರೆ ಸಾಕು.